ಪಡಸಾಲೆಯಲ್ಲಿ ಕಟ್ಟಿದ ದೋಣಿ

ನಮ್ಮ ಮನೆಯಲ್ಲಿ ಯಾರೂ ದನಿ ಏರಿಸಿ ಜಗಳ ಆಡುತ್ತಿರಲಿಲ್ಲ. ಓಣಿಯ ಬೇರೆ ಮನೆಗಳಲ್ಲಿ ಸಿಟ್ಟು ಬಂದರೆ ತಾಟು ಹಾರುತ್ತಿದ್ದವು. ನಮ್ಮಲ್ಲಿ ಸಿಟ್ಟು ಬಂದವರು ತಾಟನ್ನು ಎಂದಿಗಿಂತ ಮೆಲ್ಲಗೆ ನೆಲಕ್ಕಿಡುತ್ತಿದ್ದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದನ್ನು ಮನೆತನದ ಗುಣವೆಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು. ಈ ವಯಸ್ಸಿನಲ್ಲಿ ನನಗೆ ಹಾಗೆ ಅನ್ನಿಸುವುದಿಲ್ಲ. ಕೂಗಾಡುವವರಿಂದ ಮೋಸ ಹೋಗುವುದು ಕಷ್ಟ, ಅವರ ಹೊಟ್ಟೆಯಲ್ಲಿದ್ದದ್ದು ಅಷ್ಟರಲ್ಲಿ ಇಡೀ ಓಣಿಗೆ ಕೇಳಿಸಿಬಿಟ್ಟಿರುತ್ತದೆ. ನಾನು ಬೆಳೆದದ್ದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮುಗಿಸುವವರ ನಡುವೆ. ಹಾಗಾಗಿ ನನಗಾದ ಮೋಸ ನನಗೆ ತಿಳಿಯುವ ಹೊತ್ತಿಗೆ ಅದು ಮುಗಿದೇ ಹೋಗಿತ್ತು.

ಜಹೀರಾಬಾದಿನ ಹಳೆಯ ಬಜಾರಿಗೆ ಹತ್ತಿದ ಓಣಿಯಲ್ಲಿ ನಮ್ಮದು ಕಲ್ಲಿನ ಮನೆ. ಹಿಂಭಾಗದಲ್ಲಿ ಅಡುಗೆಮನೆ, ದೇವರ ಕೋಣೆ, ನಾವು ಮಲಗುವ ಎರಡು ಕೋಣೆ, ಆಮೇಲೆ ಆಯಿಯ ಮೂಲೆ. ಮುಂಭಾಗದಲ್ಲಿ ಬಜಾರಿನ ಬೀದಿಗೆ ಬೆನ್ನು ಕೊಟ್ಟು ನಿಂತ ಉದ್ದನೆಯ ಪಡಸಾಲೆ. ಅದಕ್ಕೂ ಒಂದು ಕಾಲದಲ್ಲಿ ಬೀದಿಗೆ ತೆರೆಯುವ ಬಾಗಿಲಿತ್ತಂತೆ. ಯಾವುದೋ ಗಲಾಟೆಯ ದಿನಗಳಲ್ಲಿ ನಮ್ಮ ಮುತ್ಯಾ, ಅಂದರೆ ಅಪ್ಪನ ತಂದೆ, ಅದನ್ನು ಕಲ್ಲಿಟ್ಟು ಮುಚ್ಚಿಸಿದ. ಅಂದಿನಿಂದ ಪಡಸಾಲೆಗೆ ಹೋಗಬೇಕೆಂದರೆ ಮನೆಯೊಳಗಿನ ಸಂದಿಯೊಂದೇ ದಾರಿ. ಒಬ್ಬರು ಎದುರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿ ನಿಲ್ಲಬೇಕು, ಸಂದಿಯ ತುದಿಯಲ್ಲಿ ಥಟ್ಟನೆ ಎಡಕ್ಕೆ ಹೊರಳಿದರೆ ಬಾಗಿಲು. ಬೆಳಕಿಗೆ ಮೇಲೆ ಎರಡು ಸಣ್ಣ ಕಿಟಕಿ. ಮುತ್ಯಾ ಸಾಯುವ ಮುಂಚೆ ಇಬ್ಬರು ಗಂಡುಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಹಿಂದಿನದು ದೊಡ್ಡವನಿಗೆ, ಪಡಸಾಲೆ ಸಣ್ಣವನಿಗೆ ಎಂದಿದ್ದ. ಬಾಯಿಮಾತು, ಆದರೆ ಮನೆಯವರೆಲ್ಲ ಕೇಳಿದ ಮಾತು. ದೊಡ್ಡವನು ನಮ್ಮಪ್ಪ ಬಸಣ್ಣ. ಸಣ್ಣವನು ಸಂಗಣ್ಣ ಕಾಕಾ. ಕಾಕಾ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದುದರಿಂದ ಪಡಸಾಲೆಯಲ್ಲಿ ಮನುಷ್ಯರ ಬದಲು ಜೋಳದ ಚೀಲಗಳು, ಮುರಿದ ಮಂಚ, ಮದುವೆಗೆ ಮಾತ್ರ ಹೊರಬರುವ ಹಿತ್ತಾಳೆ ಹಂಡೆಗಳು ವಾಸವಾಗಿದ್ದವು.

ಈ ಕಾಕಾ ನನಗೆ ಈಜು ಕಲಿಸಿದವನು. ನ್ಯಾಲ್ಕಲ್ ಕಡೆ ನಮ್ಮ ಹೊಲವಿದೆ, ಅದರಲ್ಲೊಂದು ಬಾವಿ. ಹಬ್ಬಕ್ಕೆ ಬಂದಾಗೆಲ್ಲ ನನ್ನ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಬಾವಿಗೆ ತಳ್ಳುತ್ತಿದ್ದ, ನಾನು ಕಿರುಚುವ ಮೊದಲೇ ತಾನೂ ಹಾರಿರುತ್ತಿದ್ದ. ಹೆಣ್ಣು ಹುಡುಗಿಗೆ ಈಜು ಯಾಕೆ ಎಂದು ಆಯಿ ಗೊಣಗಿದರೆ, ಬಾವಿ ಗಂಡು ಹೆಣ್ಣು ನೋಡಿ ಮುಳುಗಿಸುತ್ತದೇನು ಎನ್ನುತ್ತಿದ್ದ. ನಳದ ನೀರಿಗೆ ಕೊಡ ಸಾಲಾಗಿಟ್ಟು ಕಾಯುವ ನಮ್ಮ ಊರಿನಲ್ಲಿ ಬೇಕಾದಷ್ಟು ನೀರಿನೊಳಗೆ ಇರುವ ಸುಖ ನನಗೆ ಬೇಗ ಹತ್ತಿತು. ಮಂಜೀರಾ ನದಿಯ ಹಿನ್ನೀರನ್ನು ಬಸ್ಸಿನ ಕಿಟಕಿಯಿಂದ ಕಂಡಾಗೆಲ್ಲ ಅದರ ನಡುವೆ ಹೋಗಿ ನಿಲ್ಲಬೇಕು ಅನ್ನಿಸುತ್ತಿತ್ತು. ಇದನ್ನು ಮನೆಯಲ್ಲಿ ಎಲ್ಲರ ಹತ್ತಿರವೂ ಹೇಳುತ್ತಿದ್ದೆ. ಅಪ್ಪ ಕೇಳಿಸಿಕೊಳ್ಳುತ್ತಿದ್ದ.

ಅಪ್ಪ ಹೆದ್ದಾರಿಯ ಮೇಲಿನ ಕಟ್ಟಿಗೆ ಅಡತಿಯನ್ನು ನೋಡಿಕೊಳ್ಳುತ್ತಿದ್ದ. ದಿಮ್ಮಿ ಕೊಯ್ಯುವ ಯಂತ್ರ, ರಂದಾ, ಉಳಿ ಎಲ್ಲದರ ಮೇಲೂ ಕೈ ಕುಳಿತ ಮನುಷ್ಯ. ಒಂದು ದಿನ ಹೈದರಾಬಾದಿನ ಕೆಲವರು ಗಾಡಿಯ ಮೇಲೆ ಒಂದು ದೋಣಿ ಹೇರಿಕೊಂಡು ಅಡತಿಗೆ ಬಂದರು. ಹಿನ್ನೀರಿನಲ್ಲಿ ಕಲ್ಲಿಗೆ ಬಡಿದು ಅದರ ಪಕ್ಕೆ ಸೀಳಿತ್ತು. ನಮ್ಮ ಬೆಸ್ತರ ದೋಣಿಯ ಹಾಗಲ್ಲ ಅದು. ಬೆರಳಗಲದ ಉದ್ದುದ್ದ ಮರದ ಪಟ್ಟಿಗಳನ್ನು ಒಂದರ ಅಂಚಿಗೆ ಒಂದು ಅಂಟಿಸಿ ಮಾಡಿದ್ದು, ಎರಡು ಕಡೆಯೂ ಚೂಪು, ನಡುವೆ ಒಬ್ಬರು ಕಾಲು ಚಾಚಿ ಕೂರುವಷ್ಟು ಜಾಗ. ಕಯಾಕ್ ಎಂದು ಅವರು ಹೇಳಿದರು. ಅಪ್ಪ ಸೀಳನ್ನು ಸರಿಮಾಡಿಕೊಟ್ಟ, ಅವರು ಚಹಾ ಕುಡಿದು ಬರುವಷ್ಟರಲ್ಲಿ ಅದರ ಹೊಟ್ಟೆಯ ಆಕಾರವನ್ನು ಕಂದು ಕಾಗದದ ಮೇಲೆ ಎಳೆದುಕೊಂಡ. ಆ ಕಾಗದದ ಸುರುಳಿಯನ್ನು ಮನೆಗೆ ತಂದು ನನ್ನ ಮುಂದೆ ಬಿಡಿಸಿದಾಗ ನನಗೆ ಹನ್ನೊಂದು ತುಂಬಿತ್ತೋ ಇಲ್ಲವೋ.

"ಲೀಲಾ, ನಿನಗೊಂದು ನಾವಿ ಮಾಡೋಣು. ಮಂಜ್ರಾದಾಗ ಮೊದಲ ನೀನೇ ಕೂಡಬೇಕು."

"ನಾ ಒಬ್ಬಾಕೇ?"

"ಒಬ್ಬಾಕೇ. ಇದರಾಗ ಇಬ್ಬರಿಗಿ ಜಾಗಾ ಇಲ್ಲ."

ಅದೇ ವಾರ ತಾಂಡೂರಿನಿಂದ ಕಾಕಾನ ಫೋನು ಬಂದಿತ್ತು. ಕಲ್ಲಿನ ಧೂಳು ಎದೆಗೆ ಇಳಿದು ಕೆಮ್ಮು ನಿಲ್ಲುತ್ತಿಲ್ಲ, ಕೆಲಸ ಬಿಡುತ್ತೇನೆ, ಯುಗಾದಿ ಕಳೆದ ಮೇಲೆ ಕಾಕಿಯನ್ನು ಕರೆದುಕೊಂಡು ಮನೆಗೆ ಬಂದುಬಿಡುತ್ತೇನೆ ಎಂದ. ನಾನು ಅಪ್ಪನ ಪಕ್ಕದಲ್ಲೇ ಕೂತಿದ್ದೆ. "ಬಾರೋ ಸಂಗ್ಯಾ, ನಿನ್ನ ಮನಿ ಅದ, ನನಗ ಕೇಳೋದೇನದ" ಎಂದು ಅಪ್ಪ ಹೇಳಿದ್ದು ನನ್ನ ಕಿವಿಯಲ್ಲಿದೆ. ಆ ದನಿಯಲ್ಲಿ ಕಳ್ಳತನವೇನೂ ಇರಲಿಲ್ಲ. ಕಾಕಾ ಬರುತ್ತಾನೆ, ಅಪ್ಪ ದೋಣಿ ಮಾಡುತ್ತಾನೆ, ಎರಡೂ ಒಟ್ಟಿಗೆ ಬಂತಲ್ಲ ಎಂದು ನಾನು ಕುಣಿದೆ. ಅವೆರಡೂ ಒಂದೇ ಸುದ್ದಿ ಎಂಬುದು ನನಗೆ ಹೊಳೆಯಲಿಲ್ಲ.

ಆಯಿಯದೊಂದು ಕಟ್ಟುನಿಟ್ಟಿತ್ತು. ಅಯ್ಯನವರ ಕೈಯಿಂದ ವಿಭೂತಿ ಹಚ್ಚಿಸಿ ಶುರು ಮಾಡಿದ ವಸ್ತುವನ್ನು, ತೊಟ್ಟಿಲಾಗಲಿ, ಬಾಗಿಲಾಗಲಿ, ಪೂರ್ತಿಯಾಗುವ ತನಕ ಇದ್ದ ಜಾಗದಿಂದ ಕದಲಿಸಬಾರದು. ನಮ್ಮ ಅತ್ತೆಯ ಮಗುವಿಗೆಂದು ಮಾಡಿಸುತ್ತಿದ್ದ ತೊಟ್ಟಿಲು ಅರ್ಧಕ್ಕೆ ನಿಂತು ಇಡೀ ಮಳೆಗಾಲ ಅಡುಗೆಮನೆಯ ನಡುವೆ ಕೂತಿತ್ತಂತೆ, ಎಲ್ಲರೂ ಅದನ್ನು ಸುತ್ತುಹಾಕಿ ಓಡಾಡಿದರಂತೆ. ಅಪ್ಪ ಈ ಕಥೆ ಹೇಳಿ ಆಯಿಯನ್ನು ಕಾಡಿಸುತ್ತಿದ್ದವನೇ. ಈಗ ಅವನೇ ಹೋಗಿ ಅಯ್ಯನವರನ್ನು ಕರೆತಂದ. ಪಾದ ತೊಳೆದದ್ದಾಯಿತು, ಹೋಳಿಗೆಯ ಊಟವಾಯಿತು. ಪಡಸಾಲೆಯಿಂದ ಚೀಲಗಳನ್ನು ತೆಗೆದು ಗುಡಿಸಿ, ದೋಣಿಯ ಆಕಾರ ಹಿಡಿದಿಡಲು ಹಲಗೆಯಿಂದ ಕೊಯ್ದ ಅಡ್ಡ ಫರ್ಮಾಗಳನ್ನು ಉದ್ದಕ್ಕೆ ನಿಲ್ಲಿಸಿ, ಅವುಗಳ ಮೇಲೆ ಮೊದಲ ಪಟ್ಟಿಯನ್ನು ಕೂರಿಸಿದ್ದರು. ಅಯ್ಯನವರು ಅದಕ್ಕೆ ಮೂರು ಬೆರಳು ವಿಭೂತಿ ಎಳೆದರು. ಆಯಿಯ ಕಣ್ಣು ತುಂಬಿಬಂತು, ಮಗ ಕಡೆಗೂ ದಾರಿಗೆ ಬಂದನಲ್ಲ ಎಂದು. ನಾಸ್ತಿಕನೊಬ್ಬ ಒಮ್ಮೆಗೇ ಭಕ್ತನಾದರೆ ಮನೆಯವರು ಸ್ವಲ್ಪ ಹೆದರಬೇಕು. ನಾವು ಹೋಳಿಗೆ ತಿಂದೆವು.

ಆ ಬೇಸಿಗೆ ನನ್ನ ಬಾಳಿನ ಒಳ್ಳೆಯ ಬೇಸಿಗೆ, ಅದನ್ನು ಸುಳ್ಳೆನ್ನಲು ಈಗಲೂ ಬಾಯಿ ಬರುವುದಿಲ್ಲ. ಅಪ್ಪ ಅಡತಿಯಿಂದ ದೇವದಾರಿನ ಪಟ್ಟಿಗಳನ್ನು ಕೊಯ್ದು ತರುತ್ತಿದ್ದ. ಸಂದಿಯ ತಿರುವಿನಲ್ಲಿ ಅವು ಬೆತ್ತದ ಹಾಗೆ ಬಾಗಿ ಒಳಗೆ ನುಸುಳುತ್ತಿದ್ದವು. ನಾನು ಪಟ್ಟಿಯ ಒಂದು ತುದಿ ಹಿಡಿದು ನಿಲ್ಲಬೇಕು, ಅಪ್ಪ ಇನ್ನೊಂದು ತುದಿಯಿಂದ ಅಂಚಿಗೆ ಬಿಳಿ ಅಂಟು ಸವರುತ್ತ ಬರಬೇಕು, ಇಬ್ಬರೂ ಕೂಡಿ ಅದನ್ನು ಹಿಂದಿನ ಪಟ್ಟಿಗೆ ಒತ್ತಿ ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು ಕಟ್ಟಬೇಕು. ಮರುದಿನ ಶಾಲೆಯಿಂದ ಬಂದವಳೇ ರಬ್ಬರು ಬಿಚ್ಚಿ ಬೆರಳಾಡಿಸಿ ನೋಡುತ್ತಿದ್ದೆ, ಸೇರಿಕೆ ಬೆರಳಿಗೆ ಸಿಕ್ಕದಿದ್ದರೆ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು. ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಹೀಗೆ ಮೂರು ಭಾಷೆಯಲ್ಲೂ ನನ್ನ ದೋಣಿಯ ಸುದ್ದಿ ಹಂಚಿದೆ. ಗೆಳತಿಯರು ಬಂದು ನೋಡಿ ಹೋಗುತ್ತಿದ್ದರು. ಒಬ್ಬಳು, ಇಷ್ಟುದ್ದದ್ದು ಈ ಬಾಗಿಲಲ್ಲಿ ಹೊರಗೆ ಹೇಗೆ ಹೋಗುತ್ತದೆ ಎಂದು ಕೇಳಿದಳು. ನಾನು ಅದನ್ನು ಅಪ್ಪನಿಗೆ ಕೇಳಿದೆ.

"ಕಿಟಕಿ ಬಿಚ್ಚಿದ್ರ ಆತು. ಅದರ ಫಿಕರ್ ನೀ ಯಾಕ ಮಾಡ್ತಿ? ಪಟ್ಟಿ ಗಟ್ಟಿ ಹಿಡಿ."

ನಾನು ಗಟ್ಟಿ ಹಿಡಿದೆ. ಆ ಕಿಟಕಿಯಲ್ಲಿ ನಮ್ಮ ಬೆಕ್ಕು ಮೈ ಹಿಂಡಿಕೊಂಡು ಹೊರಗೆ ಹೋಗುತ್ತಿತ್ತು. ಅದು ನನ್ನ ಕಣ್ಣ ಮುಂದೆಯೇ ಇತ್ತು. ಆದರೆ ಅಪ್ಪ ಹೇಳಿದ ಮೇಲೆ ಕಣ್ಣಿಗೇನು ಕೆಲಸ.

ಯುಗಾದಿ ಕಳೆದು ಕಾಕಾ ಬಂದ. ಎರಡು ಟ್ರಂಕು, ಒಂದು ಹಾಸಿಗೆಯ ಸುರುಳಿ, ಹಿಂದೆ ಕಾಕಿ. ಕೆಮ್ಮಿನಿಂದ ಅವನ ಭುಜ ಒಳಗೆ ಎಳೆದುಕೊಂಡಿತ್ತು. ಪಡಸಾಲೆಯ ಬಾಗಿಲಲ್ಲಿ ಟ್ರಂಕು ಇಳಿಸಿ ಒಳಗೆ ನೋಡಿದ, ಮೂಲೆಯಿಂದ ಮೂಲೆಗೆ ನನ್ನ ದೋಣಿ ಬೋರಲು ಮಲಗಿತ್ತು. ಅಪ್ಪ ಅವನ ಬೆನ್ನ ಮೇಲೆ ಕೈಯಿಟ್ಟ.

"ಜಾಗಾ ನಿಂದೇ ಅದ, ಯಾರು ಇಲ್ಲ ಅಂದಾರ? ಹುಡುಗಿ ಭಾಳ ಆಸಿ ಪಟ್ಟದ. ವಿಭೂತಿ ಹಚ್ಚೇವಿ, ಅವ್ವ ಕದಲಿಸಾಕ ಬಿಡವಲ್ಲಳು. ಇನ್ನೊಂದು ತಿಂಗಳು ತಡಿ."

ಕಾಕಾ ದೋಣಿಯ ಸುತ್ತ ಒಂದು ಸುತ್ತು ಬಂದ. ಸಂದಿಗೆ ಹೋಗಿ ತಿರುವಿನಲ್ಲಿ ಒಂದು ಕ್ಷಣ ನಿಂತ. ಆಮೇಲೆ ನನ್ನ ಮುಖ ನೋಡಿದ. ನಾನು ಎಷ್ಟು ಹಲ್ಲು ಕಾಣುವ ಹಾಗೆ ನಕ್ಕಿರಬೇಕೋ ಏನೋ.

"ಭಾಳ ಚಂದ ಅದ ಲೀಲವ್ವ. ಮಾಡು, ಮಾಡು" ಎಂದ.

ಟ್ರಂಕುಗಳು ಹಿತ್ತಲಿನ ತಗಡಿನ ಕೊಟ್ಟಿಗೆಗೆ ಹೋದವು. ಮೊದಲು ಅಲ್ಲಿ ಎಮ್ಮೆ ಕಟ್ಟುತ್ತಿದ್ದರು. ಕಾಕಿ ಸಗಣಿ ಸಾರಿಸಿ, ಹಳೆಯ ಸೀರೆ ಅಡ್ಡ ಕಟ್ಟಿ ಅದನ್ನು ಮನೆ ಮಾಡಿದಳು. ತಿಂಗಳು ಎಂದದ್ದು ಮಳೆಗಾಲಕ್ಕೆ ಬಂತು, ಮಳೆಗಾಲ ದಸರೆಗೆ ಬಂತು. ಕಾಕಾ ಒಮ್ಮೆಯೂ ಅಪ್ಪನನ್ನು ನೇರವಾಗಿ ಕೇಳಲಿಲ್ಲ, ಅಪ್ಪ ಒಮ್ಮೆಯೂ ಇಲ್ಲ ಎನ್ನಲಿಲ್ಲ. ಕಾಕಾನ ಮುಖದಲ್ಲಿ ಕೇಳುವ ಲಕ್ಷಣ ಕಂಡಾಗ ಅಪ್ಪ ನನ್ನನ್ನು ಕರೆಯುತ್ತಿದ್ದ.

"ಹೋಗಿ ಕಾಕಾಗ ಹೇಳು, ದೀಪಾವಳಿ ತನಕ ನಾವಿ ಆಗ್ತದಂತ. ನೀ ಹೇಳಿದ್ರ ಕೇಳ್ತಾನ."

ನಾನು ಹಿತ್ತಲಿಗೆ ಓಡುತ್ತಿದ್ದೆ. ಕಾಕಾನ ಕೊರಳಿಗೆ ಜೋತುಬಿದ್ದು, "ಕಾಕಾ, ದೀಪಾವಳಿ ತನಕ" ಎನ್ನುತ್ತಿದ್ದೆ. ಅವನು ಕೆಮ್ಮುತ್ತ, "ಆತವ್ವ, ನಿಂದ್ಯಾವಾಗ ಆಗ್ತದ ಆವಾಗ" ಎನ್ನುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅಪ್ಪನ ಲೆಕ್ಕ. ಆ ಕೋಲು ನಾನಾಗಿದ್ದೆ. ಇದನ್ನು ಬರೆಯುವಾಗ ಇಷ್ಟು ವರ್ಷಗಳ ಮೇಲೂ ನನಗೆ ಮೈ ಉರಿಯುತ್ತದೆ. ನನ್ನ ಮೇಲಲ್ಲ, ನನ್ನನ್ನು ಕಳಿಸಿದವನ ಮೇಲೆ. ಕಾಕಾ ಇಲ್ಲ ಎನ್ನಲಾರದವಳು ಮನೆಯಲ್ಲಿ ಒಬ್ಬಳೇ ಒಬ್ಬಳಿದ್ದಳು, ಅಪ್ಪ ಅವಳನ್ನೇ ಆರಿಸಿದ.

ಇದಕ್ಕಿಂತ ಕಹಿಯಾದದ್ದು ಇನ್ನೊಂದು. ಕಾಕಾ ಸಂಜೆ ಪಡಸಾಲೆಗೆ ಬಂದು ನಮ್ಮ ಜೊತೆ ದೋಣಿಯನ್ನು ಉಜ್ಜುತ್ತಿದ್ದ. ಕಲ್ಲಿಗೆ ಕನ್ನಡಿಯ ಹೊಳಪು ತಂದ ಕೈ ಅದು. ಮರ ಉಜ್ಜುವ ಉಪ್ಪುಕಾಗದವನ್ನು ಬೆರಳ ತುದಿಯಲ್ಲಿ ಹಗುರ ಹಿಡಿದು, ಪಟ್ಟಿಯ ಉದ್ದಕ್ಕೂ ಉಸಿರು ಬಿಗಿಹಿಡಿದು ಎಳೆಯುತ್ತಿದ್ದ. ಧೂಳು ಎದ್ದರೆ ಹೊರಗೆ ಹೋಗಿ ಕೆಮ್ಮಿ ಮತ್ತೆ ಬರುತ್ತಿದ್ದ. ತನ್ನ ಪಾಲಿನ ಕೋಣೆಯಲ್ಲಿ, ತನ್ನನ್ನು ಹೊರಗಿಟ್ಟಿದ್ದ ವಸ್ತುವಿಗೆ ಹೊಳಪು ಕೊಡುತ್ತ ಕೂತಿದ್ದ. ಅಪ್ಪ ಅವನಿಗೆ ಚಹಾ ತರಿಸಿಕೊಡುತ್ತಿದ್ದ.

ದೀಪಾವಳಿಯ ಹೊತ್ತಿಗೆ ಹೊಟ್ಟೆಯ ಭಾಗ ಮುಗಿದು ಮೇಲಿನ ಹೊದಿಕೆಯ ಕೆಲಸ ನಡೆದಿತ್ತು. ನಾನೇ ಲೆಕ್ಕ ಹಾಕಿದ್ದೆ, ಇನ್ನು ಕೆಲವೇ ಪಟ್ಟಿ, ಆಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ ರಾಳ ಬಳಿದರೆ ಆಯಿತು. ಆದರೆ ದೋಣಿ ಬೆಳೆಯುವುದು ನಿಂತಿತ್ತು. ಒಂದು ವಾರ ನಾಲ್ಕು ಪಟ್ಟಿ ಕೂಡಿಸಿದರೆ ಮುಂದಿನ ವಾರ ಎರಡು ಉದುರಿರುತ್ತಿದ್ದವು. ಅಂಟು ಹಿಡಿದಿಲ್ಲ, ನೀನು ಒತ್ತುವಾಗ ಕೈ ಸಡಿಲ ಬಿಟ್ಟಿರಬೇಕು ಎನ್ನುತ್ತಿದ್ದ ಅಪ್ಪ. ನಾನು ನನ್ನ ಕೈಗಳನ್ನು ಬೈದುಕೊಂಡೆ. ಇನ್ನೂ ಗಟ್ಟಿ ಒತ್ತಿದೆ, ಅಂಗೈಯಲ್ಲಿ ಬೊಕ್ಕೆ ಬಂದವು. ಒಂದು ದಿನ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದು ಸಂದಿಯಲ್ಲಿ ಹೊರಳಿದರೆ ಪಡಸಾಲೆಯಿಂದ ಕಾದ ಬಟ್ಟೆಯ ವಾಸನೆ ಬರುತ್ತಿತ್ತು. ಅಪ್ಪ ನನ್ನ ಪಟ್ಟಿಗಳ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತಿದ್ದ. ಬಿಸಿಗೆ ಬಿಳಿ ಅಂಟು ಮೆತ್ತಗಾಗುತ್ತದೆ. ಮೆತ್ತಗಾದ ಅಂಚಿಗೆ ತೆಳ್ಳನೆಯ ಉಳಿ ತೂರಿಸಿ, ಸ್ವಲ್ಪವೂ ಸೀಳದ ಹಾಗೆ, ನಾನು ಭಾನುವಾರ ಕೂರಿಸಿದ್ದ ಪಟ್ಟಿಯನ್ನು ಎತ್ತಿದ. ಆಮೇಲೆ ನನ್ನನ್ನು ಕಂಡ.

"ಇದು ಸರಿ ಕುಂತಿರಲಿಲ್ಲವ್ವ. ನೀರಾಗ ಬಾಯಿ ಬಿಡ್ತಿತ್ತು."

"ನಾ ಗಟ್ಟಿ ಒತ್ತಿದ್ದೆನಲ್ಲಪ್ಪ."

"ಒತ್ತಿದ್ದಿ. ಆದ್ರೂ ಸರಿ ಕುಂತಿರಲಿಲ್ಲ."

ಸರಿ ಕೂರದ ಪಟ್ಟಿಯನ್ನು ಬಿಡಿಸಲು ಇಸ್ತ್ರಿ ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಅನ್ನಿಸಿತ್ತು. ಹನ್ನೊಂದು ಹನ್ನೆರಡರ ಹುಡುಗಿಗೆ ಅಪ್ಪನಿಗಿಂತ ತನ್ನ ಕೈಯ ಮೇಲೆ ಅನುಮಾನ ಪಡುವುದು ಸುಲಭ. ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತೆ. ಕಾಕಾ ನೋಡಿ ಏನಾಯಿತು ಎಂದ. ನನಗೆ ಒಂದು ಪಟ್ಟಿಯನ್ನೂ ನೆಟ್ಟಗೆ ಹಚ್ಚಲು ಬರುವುದಿಲ್ಲ ಎಂದೆ. ಅವನು ನನ್ನ ಅಂಗೈ ತಿರುಗಿಸಿ ಬೊಕ್ಕೆಗಳನ್ನು ನೋಡಿದ, ಎದ್ದುಹೋದ.

ಆ ಚಳಿಗಾಲದಲ್ಲಿ ಕಾಕಿಗೆ ದಿನ ತುಂಬುತ್ತಿತ್ತು. ತಗಡಿನ ಕೆಳಗೆ ರಾತ್ರಿಯೆಲ್ಲ ಥಂಡಿ. ಬೆಳಗ್ಗೆ ಅವಳೂ ನಮ್ಮವ್ವನೂ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ನಾನು ಅಲ್ಲೇ ತಾಟು ಹಿಡಿದು ಕೂತಿದ್ದಾಗ ಕಾಕಿ, ಹಿಟ್ಟಿನ ಮೇಲಿಂದ ಕಣ್ಣೆತ್ತದೆ, ಉಪ್ಪು ಕೊಡು ಎಂದಷ್ಟೇ ಸಣ್ಣ ದನಿಯಲ್ಲಿ ಹೇಳಿದಳು.

"ಅಕ್ಕಾ, ಈ ಮನ್ಯಾಗ ನಾವಿಗಿ ಪಡಸಾಲಿ ಅದ. ನಮಗ ಎಮ್ಮಿ ಕಟ್ಟೋ ಜಾಗಾ ಅದ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾ ಏನ್ ಮಾಡ್ಲಿ ತಂಗಿ, ನನ್ನ ಮಾತು ಯಾರು ಕೇಳ್ತಾರ" ಎಂದಳು. ಕಾಕಿ ತನ್ನ ತಾಟನ್ನು ಮೆಲ್ಲಗೆ, ಬಹಳ ಮೆಲ್ಲಗೆ ನೆಲಕ್ಕಿಟ್ಟಳು. ನನಗೆ ಕಾಕಿಯ ಮೇಲೆ ಸಿಟ್ಟು ಬಂತು. ನನ್ನ ದೋಣಿಯನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಾಳೆ ಎಂದುಕೊಂಡೆ.

ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಕಾಕಿಯ ತವರು ನಾರಾಯಣಖೇಡ. ಆದರೆ ಆ ಸಲ ಅವಳ ಟ್ರಂಕಿನ ಹಿಂದೆ ಕಾಕಾನ ಟ್ರಂಕೂ ಹೊರಗೆ ಬಂತು. ಮಾವನವರ ಕಿರಾಣಿ ಅಂಗಡಿಯಲ್ಲಿ ಕೂರುತ್ತೇನೆ, ಅಲ್ಲಿಯೇ ಒಂದು ಕೋಣೆ ಕೊಡುತ್ತಾರಂತೆ ಎಂದ. ನಮ್ಮ ಕಡೆ ಮನೆಅಳಿಯ ಎಂದರೆ ಬೈಗುಳ. ಸ್ವಂತ ಮನೆಯಿದ್ದವನು ಅತ್ತೆಯ ಮನೆಯ ಕೂಳು ತಿನ್ನಲು ಹೋದ ಎಂದು ಊರು ಆಡಿಕೊಳ್ಳುತ್ತದೆ. ಆಯಿ ಸೆರಗು ಬಾಯಿಗೊತ್ತಿ ಬಾಗಿಲಲ್ಲಿ ನಿಂತಳು. ಅಪ್ಪ ಬಸ್ ನಿಲ್ದಾಣದ ತನಕ ಹೋಗಿ ತಾನೇ ಟ್ರಂಕು ಏರಿಸಿದ. "ಇಷ್ಟು ಅವಸರ ಯಾಕ ಮಾಡ್ತೀಯೋ, ಇನ್ನೊಂದಿಷ್ಟು ದಿನ ತಡದಿದ್ರ ಆಗ್ತಿತ್ತು" ಎಂದ. ಬಸ್ಸು ಹೊರಡುವ ತನಕ ನಿಂತು ಕೈ ಬೀಸಿದ.

ಅಂದಿನಿಂದ ಅಪ್ಪ ದೋಣಿಯನ್ನು ಮುಟ್ಟಲಿಲ್ಲ. ಅಡತಿಯಲ್ಲಿ ಕೆಲಸ ಜಾಸ್ತಿ ಎಂದ, ರಾಳ ಹೈದರಾಬಾದಿನಿಂದ ಬರಬೇಕು ಎಂದ, ಬೆನ್ನು ನೋವು ಎಂದ. ನಾನೊಬ್ಬಳೇ ಶಾಲೆಯಿಂದ ಬಂದು ಅದರ ಮೇಲಿನ ಧೂಳು ಒರೆಸುತ್ತಿದ್ದೆ. ಉಳಿದಿದ್ದ ಪಟ್ಟಿಗಳನ್ನು ನಾನೇ ಹಚ್ಚಿದೆ. ಒಂದೂ ಉದುರಲಿಲ್ಲ. ಅಂಟು ಆಗ ಮಾತ್ರ ಚೆನ್ನಾಗಿ ಹಿಡಿಯತೊಡಗಿದ್ದನ್ನು ಕಂಡು ನನಗೆ ಕೆಲಸ ಬಂತು ಎಂದು ಹಿಗ್ಗಿದೆ. ಹಿಗ್ಗನ್ನು ಹೇಳಿಕೊಳ್ಳಲು ಕಾಕಾ ಇರಲಿಲ್ಲ.

ಕಾಕಿ ಗಂಡು ಹೆತ್ತಳು. ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಆಯಿಯ ಜೊತೆ ನಾನು ನಾರಾಯಣಖೇಡಕ್ಕೆ ಹೋದೆ. ಅಪ್ಪ ಬರಲಿಲ್ಲ, ಮನೆಯಲ್ಲಿ ಸ್ವಲ್ಪ ಕೆಲಸವಿದೆ ಎಂದ. ಕಾಕಾ ಅಂಗಡಿಯಲ್ಲಿ ಬೆಲ್ಲ ಒಡೆಯುತ್ತ ಕೂತಿದ್ದ, ಅವನ ಮಾವ ಗಲ್ಲಾಪೆಟ್ಟಿಗೆಯ ಮುಂದೆ. ನನ್ನನ್ನು ಕಂಡು ಎದ್ದು ಬಂದ. ಇಬ್ಬರೂ ಅಂಗಡಿಯ ಹಿಂದಿನ ಚೀಲಗಳ ಮೇಲೆ ಕೂತೆವು. ನಾನು ಒಂದೇ ಉಸಿರಿನಲ್ಲಿ ಹೇಳಿದೆ, ಪಟ್ಟಿಯೆಲ್ಲ ಮುಗಿದವು ಕಾಕಾ, ರಾಳವೊಂದು ಬಂದರೆ ಆಯಿತು, ನೀರಿಗೆ ಬಿಡುವ ದಿನ ನೀನು ಬರಲೇಬೇಕು. ಕಾಕಾ ಕೈಗೆ ಅಂಟಿದ ಬೆಲ್ಲವನ್ನು ಚೀಲಕ್ಕೆ ಒರೆಸಿಕೊಂಡ.

"ಲೀಲವ್ವ, ಅದು ಆ ಸಂದ್ಯಾಗ ಹೊಳ್ಳಂಗಿಲ್ಲ."

"ಅಪ್ಪ ಕಿಟಕಿ ಬಿಚ್ಚತೀನಿ ಅಂದಾನ."

"ಆ ಕಿಟಕ್ಯಾಗ ನಿನ್ನ ತಲಿ ಹಿಡಿಯಂಗಿಲ್ಲ. ನಾ ಬಂದ ದಿನಾನೇ ನೋಡೀನಿ. ನಿಮ್ಮಪ್ಪ ಕಟ್ಟಿಗಿ ಅಳಿಯೋ ಮನಷ್ಯಾ. ಅವಗ ಗೊತ್ತಿರಲಾರದೇ ಇರ್ತದೇನು?"

ನನಗೆ ಒಮ್ಮೆಗೇ ಎಲ್ಲ ತಿಳಿಯಿತು ಎಂದರೆ ಸುಳ್ಳು. ಮೊದಲು ತಿಳಿದದ್ದು ಇಸ್ತ್ರಿ ಪೆಟ್ಟಿಗೆ. ಆಮೇಲೆ ದೀಪಾವಳಿಯ ಮಾತು. ಆಮೇಲೆ ವಿಭೂತಿ. ಒಂದೊಂದೇ ಬಂದು ಎದುರಿಗೆ ನಿಂತವು, ನಾನು ಬೇಡವೆಂದರೂ ನಿಂತವು.

"ಮತ್ತ ನೀ ಯಾಕ ಹೇಳಲಿಲ್ಲ ಕಾಕಾ?"

"ಏನಂತ ಹೇಳ್ಲಿ? ನಿನ್ನ ಮುಂದ ನಿಮ್ಮಪ್ಪನ್ನ ಸುಳ್ಳ ಮಾಡಾಕ ಮನಸ್ಸಾಗಲಿಲ್ಲ."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ಆ ಪ್ರೀತಿಗೂ ನನಗೆ ಸಿಟ್ಟು ಬಂತು. ಅಪ್ಪ ಸುಳ್ಳು ಹೇಳಿದ, ಕಾಕಾ ಆ ಸುಳ್ಳಿಗೆ ಉಪ್ಪುಕಾಗದ ಉಜ್ಜಿದ, ಅವ್ವ ರೊಟ್ಟಿ ಬಡಿದಳು. ಆ ಮನೆಯಲ್ಲಿ ದೋಣಿ ಕಟ್ಟುತ್ತಿದ್ದವಳು ನಾನೊಬ್ಬಳೇ.

ಕಾರ್ಯ ಮುಗಿಸಿ ನಾಲ್ಕನೆಯ ದಿನ ಜಹೀರಾಬಾದಿನಲ್ಲಿ ಬಸ್ಸಿಳಿದು ಓಣಿಗೆ ತಿರುಗಿದಾಗ ನಮ್ಮ ಮನೆಯ ಮುಂದೆ ಕಲ್ಲಿನ ರಾಶಿ ಬಿದ್ದಿತ್ತು. ಮುತ್ಯಾ ಮುಚ್ಚಿಸಿದ್ದ ಬಾಗಿಲನ್ನು, ಅದರ ಅಕ್ಕಪಕ್ಕದ ಗೋಡೆಯನ್ನೂ ಕೂಡಿಸಿ ಒಡೆದುಹಾಕಿದ್ದರು. ಪಡಸಾಲೆಯ ಒಳಗೆಲ್ಲ ಬಜಾರಿನ ಬಿಸಿಲು. ಬೀದಿಗೆ ಮುಖ ಮಾಡಿದ ಅಂಗಡಿ ಆಗುತ್ತದಂತೆ, ಕಬ್ಬಿಣದ ಶಟರು ಆಗಲೇ ಬಂದು ಗೋಡೆಗೆ ಒರಗಿತ್ತು. ಆ ಕಂಡಿಯಲ್ಲಿ ಎತ್ತಿನ ಗಾಡಿ ಹಾಯಬಹುದಿತ್ತು. ನನ್ನ ದೋಣಿ ಎಲ್ಲಿಯೂ ತಾಗದೆ ಹಾಯುತ್ತಿತ್ತು. ನಾನು ಒಳಗೆ ಓಡಿದೆ. ಪಡಸಾಲೆ ಖಾಲಿ. ಗೋಡೆ ಕೆಲಸದ ಗೌಂಡಿಗಳು ಓಡಾಡಲು ಜಾಗ ಬೇಕೆಂದು ಗೋಡೆ ಒಡೆಯುವ ಹಿಂದಿನ ದಿನವೇ ಅದನ್ನು ಮೂರು ತುಂಡು ಮಾಡಿ ಸಂದಿಯಿಂದ ಹಿತ್ತಲಿಗೆ ಸಾಗಿಸಿದ್ದರು. ಅವ್ವ ಬಚ್ಚಲ ಒಲೆಗೆ ಅದರ ಪಟ್ಟಿಗಳನ್ನು ಹಾಕುತ್ತಿದ್ದಳು. ದೇವದಾರು ಚೆನ್ನಾಗಿ ಉರಿಯುತ್ತದೆ. ನನ್ನ ಕಡೆ ನೋಡದೆ, ನೀರು ಕಾದಿದೆ, ಸ್ನಾನ ಮಾಡು ಎಂದಳು.

ಅಪ್ಪ ಗೌಂಡಿಗಳ ಹತ್ತಿರ ನಿಂತಿದ್ದ.

"ಅಪ್ಪಾ, ಅದು ಹೊರಗ ಬರಂಗಿಲ್ಲ ಅಂತ ನಿನಗ ಮೊದಲೇ ಗೊತ್ತಿತ್ತಾ?"

"ದೊಡ್ಡವರ ಮಾತು ನಿನಗ್ಯಾಕ."

"ನಿನ್ನೆ ಗ್ವಾಡಿ ಒಡದಿ. ಒಂದು ದಿನ ತಡದಿದ್ರ ಹೊರಗ ಬರ್ತಿತ್ತಲ್ಲಪ್ಪ."

ಅಪ್ಪ ತಿರುಗಿ ಆ ಕಂಡಿಯನ್ನು ನೋಡಿದ. ಒಂದು ದಿನ ತಡೆಯಬಹುದಿತ್ತು ಎಂಬುದು ಅವನಿಗೆ ನಿಜಕ್ಕೂ ಹೊಳೆದಿರಲಿಲ್ಲ ಎಂದು ನನಗೆ ಅವನ ಮುಖ ನೋಡಿ ಗೊತ್ತಾಯಿತು. ದೋಣಿಯ ಕೆಲಸ ಅವನ ಪಾಲಿಗೆ ಮುಗಿದು ಎಷ್ಟೋ ದಿನವಾಗಿತ್ತು. ಬೇಕೆಂದೇ ಹಟಕ್ಕೆ ಕೊಯ್ದಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಅವನಿಗೆ ನೆನಪೇ ಇರಲಿಲ್ಲ.

"ಈ ಅಂಗಡಿ ಯಾರಿಗಂತ ತಿಳದಿ? ನಿನ್ನ ಮದಿವಿಗೇ ಆಗ್ತದ" ಎಂದ.

ಹೀಗೆ ಕಾಕಾನ ಪಡಸಾಲೆಯನ್ನು ನನ್ನ ಹೆಸರು ಹೇಳಿ ಕದ್ದದ್ದಾಯಿತು, ಮೊದಲು ನನ್ನ ದೋಣಿಯ ಹೆಸರಿನಲ್ಲಿ, ಆಮೇಲೆ ನನ್ನ ಮದುವೆಯ ಹೆಸರಿನಲ್ಲಿ. ನಾನು ಸ್ನಾನ ಮಾಡಲಿಲ್ಲ. ಆ ಒಲೆಯ ನೀರಿನಲ್ಲಿ ಮನೆಯವರೆಲ್ಲ ಮಾಡಿದರು. ಅಪ್ಪನ ಜೊತೆ ಮಾತು ಬಿಟ್ಟೆ ಎಂದೇನೂ ಅಲ್ಲ, ನಮ್ಮ ಮನೆಯಲ್ಲಿ ಯಾರೂ ಮಾತು ಬಿಡುವುದಿಲ್ಲ. ಊಟಕ್ಕೆ ಕರೆಯುತ್ತಿದ್ದೆ, ಔಷಧಿ ತಂದುಕೊಡುತ್ತಿದ್ದೆ. ಆದರೆ ಅವನು ಹೇಳಿದ್ದನ್ನು ನನ್ನ ಕಣ್ಣಿನಿಂದ ನೋಡದೆ ಒಪ್ಪಿಕೊಳ್ಳುವುದನ್ನು ಅಂದಿಗೆ ನಿಲ್ಲಿಸಿದೆ. ಅವನೊಬ್ಬನದೇ ಅಲ್ಲ, ಯಾರದೂ. ಗಂಡ ಊರಿಂದ ಫೋನು ಮಾಡಿ ತಲುಪಿದೆ ಎಂದರೂ ಹಿಂದೆ ಯಾವ ಸದ್ದು ಕೇಳುತ್ತದೆ ಎಂದು ಕಿವಿಗೊಡುತ್ತೇನೆ. ಇದು ಒಳ್ಳೆಯ ಗುಣವಲ್ಲ, ಅದೂ ನನಗೆ ಗೊತ್ತು.

ಕಾಕಾ ಈಗ ಇಲ್ಲ. ಆ ಕೆಮ್ಮೇ ಅವನನ್ನು ಒಯ್ದಿತು. ಹೊಲ ಇನ್ನೂ ಪಾಲಾಗಿಲ್ಲ, ಹೀಗಾಗಿ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಕಾಕಿ ನಾರಾಯಣಖೇಡದಿಂದ ಬರುತ್ತಾಳೆ. ಆ ದಿನ ನಮ್ಮ ಕಡೆ ಎಲ್ಲರೂ ಹೊಲದಲ್ಲೇ ಕೂತು ಉಣ್ಣಬೇಕು. ಕಳೆದ ಎಳ್ಳಮಾಸಿಗೂ ಜೋಳದ ಬೆಳೆಯ ನಡುವೆ ಕಂಬಳಿ ಹಾಸಿ ಕೂತಿದ್ದೆವು. ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ಕಡುಬು, ಗಡಿಗೆಯ ತುಂಬ ಅಂಬಲಿ. ಅಪ್ಪನಿಗೆ ವಯಸ್ಸಾಗಿದೆ, ಮಾತು ಹೆಚ್ಚಾಗಿದೆ. ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಶುರು ಮಾಡಿದ. ನಾನೂ ನಿಮ್ಮವ್ವನೂ ಕೂಡಿ ಒಂದು ನಾವಿ ಕಟ್ಟಿದ್ದೆವು, ಜಹೀರಾಬಾದಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ, ಇಡೀ ಪಡಸಾಲೆ ತುಂಬಿತ್ತು ಎಂದು ಕೈ ಚಾಚಿ ತೋರಿಸಿದ. ಕಣ್ಣಲ್ಲಿ ನಿಜವಾದ ಸಂತೋಷ. ಎದುರಿಗೆ ಕಾಕಿ ಕಡುಬು ಮುರಿಯುತ್ತ ಕೂತಿದ್ದಳು.

"ಮುತ್ಯಾ, ಅದು ನೀರಾಗ ತೇಲಿತೇನು?" ಎಂದಳು ನನ್ನ ಮಗಳು.

"ತೇಲದೇನು? ಮಂಜ್ರಾದಾಗ ಹಕ್ಕಿ ಹೋದಂಗ ಹೋತು. ನಿಮ್ಮವ್ವಗ ಕೇಳು."

ಅವನು ನನ್ನ ಕಡೆ ನೋಡಿದ. ಹೆದರಿಕೆ ಇರಲಿಲ್ಲ ಆ ಮುಖದಲ್ಲಿ. ಹೋಗಿ ಕಾಕಾನಿಗೆ ಹೇಳು ಎಂದು ಕಳಿಸುವಾಗ ಇದ್ದ ಮುಖವೇ ಅದು. ಇವಳು ಹೇಳುತ್ತಾಳೆ ಎಂಬ ಭರವಸೆ. ಮಗಳು ನನ್ನನ್ನು ನೋಡಿದಳು. ಕಾಕಿಯ ಕೈ ತಾಟಿನಲ್ಲಿ ನಿಂತಿತು.

"ಇಲ್ಲ" ಎಂದೆ. "ಅದು ನೀರ ಕಾಣಲೇ ಇಲ್ಲ. ಕಾಕಾಗ ಮನಿ ಬಿಡಸಾಕ ಅದನ್ನ ಕಟ್ಟಿದ್ರು. ಕಾಕಾ ಹ್ವಾದ ಮ್ಯಾಲ ಕಡದು ಒಲಿಗಿ ಹಾಕಿದ್ರು."

ನಾನು ಜೀವನದಲ್ಲಿ ಮೊದಲ ಸಲ ಆ ಮಾತನ್ನು ಕಾಕಿಯ ಮುಂದೆ ಆಡಿದ್ದೆ. ಅಪ್ಪ ಸಿಟ್ಟಾಗಬಹುದು, ಅಳಬಹುದು, ಇಲ್ಲ ಎನ್ನಬಹುದು ಎಂದು ಕಾದೆ. ಅವನು ಭಜ್ಜಿಯ ಕೊನೆಯ ತುತ್ತು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ. ಆಮೇಲೆ ಬಟ್ಟಲನ್ನು ನನ್ನ ಕಡೆ ಚಾಚಿದ.

"ಅಂಬಲಿ ಹಾಕವ್ವ."

ಗಡಿಗೆ ನನ್ನ ಪಕ್ಕದಲ್ಲೇ ಇತ್ತು. ನಾನು ಕೈ ಎತ್ತಲಿಲ್ಲ. ಬಟ್ಟಲು ಗಾಳಿಯಲ್ಲಿ ಹಾಗೇ ನಿಂತಿತ್ತು. ಕಾಕಿ ಸೆರಗು ಸರಿಮಾಡಿಕೊಂಡು ಎದ್ದು ಬಂದಳು. ಗಡಿಗೆ ಬಗ್ಗಿಸಿ ಬಟ್ಟಲು ತುಂಬಿದಳು.

"ಇನ್ನೊಂದಿಷ್ಟು ಹಾಕ್ಲೇನ್ರಿ ಬಾವಾ?"

ಅಪ್ಪ ಸಾಕು ಎನ್ನಲಿಲ್ಲ.